ನಲವತ್ತು ಟ್ಯಾಬ್, ಒಂದೇ ರೌಟರ್

ಪತ್ರ: ‘ನಮ್ಮ ಶಾಲೆಗೆ 40 ಟ್ಯಾಬ್ಲೆಟ್ ಬಂದಿವೆ. 45 ನಿಮಿಷದ ಪೀರಿಯಡ್‌ನಲ್ಲಿ ಹಂಚಿ, ಲಾಗಿನ್ ಮಾಡಿಸಿ, ವಿಡಿಯೊ ತೆರೆಸುವಷ್ಟರಲ್ಲಿ 15 ನಿಮಿಷ ಹೋಗಿರುತ್ತದೆ. ನಾಲ್ಕೈದರಲ್ಲಿ ಚಾರ್ಜ್ ಇರುವುದಿಲ್ಲ, ಹಿಂದಿನ ಬೆಂಚಿನವರು ಗೇಮ್ ಶುರು ಮಾಡಿರುತ್ತಾರೆ. ಎಲ್ಲವನ್ನೂ ಬೀರುವಿನಲ್ಲಿಟ್ಟು ಪುಸ್ತಕ ಹಿಡಿಯುವುದೇ ಮೇಲಲ್ಲವೇ?’ — ಒಬ್ಬ ಪ್ರೌಢಶಾಲಾ ಶಿಕ್ಷಕಿ

ಸಂಪಾದಕರ ಉತ್ತರ: ಬೀರುವಿಗೆ ಬೀಗ ಹಾಕುವ ಮೊದಲು ಆ 15 ನಿಮಿಷದ ಲೆಕ್ಕ ನೋಡಿ. ನೀವು ಬರೆದಿರುವ ತೊಂದರೆಗಳಲ್ಲಿ ಪಾಠದ ಹೊತ್ತಿನಲ್ಲಿ ನಿಭಾಯಿಸಬೇಕಾದ್ದು ಗೇಮ್ ಒಂದೇ. ಉಳಿದದ್ದೆಲ್ಲ ಹಿಂದಿನ ಸಂಜೆಯೇ ಮುಗಿಯಬೇಕಾದ ಕೆಲಸ.

ವಿಡಿಯೊ ಯಾಕೆ ತೆರೆಯುವುದಿಲ್ಲ? ಒಂದು ವೈಫೈ ಚಾನೆಲ್‌ನಲ್ಲಿ, ಅಂದರೆ ರೌಟರ್ ಬಳಸುವ ಒಂದು ರೇಡಿಯೊ ದಾರಿಯಲ್ಲಿ, ಸಾಧನಗಳು ಸರದಿಯ ಮೇಲೆ ಮಾತಾಡುತ್ತವೆ. ಒಂದು ಮಾತಾಡುವಾಗ ಉಳಿದವು ಕಾಯಬೇಕು. ವಿಡಿಯೊಗೆ ತಲಾ 2 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗದ ಅಳತೆ) ಎಂದು ಹಿಡಿದರೂ 40 ಟ್ಯಾಬ್‌ಗೆ 80 ಆಯಿತು. ಮೂಲೆಯಲ್ಲಿ ಸಿಗ್ನಲ್ ಕಮ್ಮಿ ಇರುವ ಟ್ಯಾಬ್ ನಿಧಾನವಾಗಿ ಮಾತಾಡುತ್ತ ಎಲ್ಲರ ಸಮಯವನ್ನೂ ತಿನ್ನುತ್ತದೆ. ಇಂಟರ್‌ನೆಟ್ ಪ್ಲಾನ್ ದೊಡ್ಡದು ಮಾಡಿಸಿದ ಮೇಲೂ ತೆರೆಯ ಮೇಲಿನ ಚಕ್ರ ತಿರುಗುತ್ತಲೇ ಇರುವುದು ಇದಕ್ಕೇ. ಎಲ್ಲರೂ ಒಂದೇ ವಿಡಿಯೊ ನೋಡಬೇಕಿದ್ದರೆ ಪ್ರೊಜೆಕ್ಟರ್‌ನಲ್ಲಿ ಒಮ್ಮೆ ತೋರಿಸಿ, ಮುಗಿಯಿತು. ಒಬ್ಬೊಬ್ಬರೂ ನಿಲ್ಲಿಸಿ ನಿಲ್ಲಿಸಿ ನೋಡಬೇಕಾದ್ದನ್ನು ಮೊದಲೇ ಟ್ಯಾಬ್‌ಗೆ ಇಳಿಸಿಡಿ. ಕೊಲಿಬ್ರಿಯಂಥ ಉಚಿತ ತಂತ್ರಾಂಶವನ್ನು ಒಂದು ಲ್ಯಾಪ್‌ಟಾಪ್‌ಗೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಪಾಠ ಸಿಗುತ್ತದೆ, ಆದರೆ ವೈಫೈ ಸರದಿ ಆಗಲೂ ತಪ್ಪದು.

ವೈಫೈನ 2.4 ಗಿಗಾಹರ್ಟ್ಸ್ ರೇಡಿಯೊ ಪಟ್ಟಿಯಲ್ಲಿ ಒಂದಕ್ಕೊಂದು ಅಡ್ಡ ಬಾರದ ಚಾನೆಲ್‌ಗಳು ಸಾಮಾನ್ಯವಾಗಿ ಮೂರೇ: 1, 6 ಮತ್ತು 11. ಆದ್ದರಿಂದ ಟ್ಯಾಬ್‌ಗಳನ್ನು ಹೆಚ್ಚು ಚಾನೆಲ್ ಇರುವ 5 ಗಿಗಾಹರ್ಟ್ಸ್ ಪಟ್ಟಿಗೆ ಸೇರಿಸಿ. ಅದು ಗೋಡೆ ದಾಟುವಾಗ ಬೇಗ ಸೊರಗುತ್ತದೆ, ಹಾಗಾಗಿ ರೌಟರ್ ಅದೇ ಕೋಣೆಯಲ್ಲಿ ಎತ್ತರದಲ್ಲಿರಲಿ, ಕಬ್ಬಿಣದ ಬೀರುವಿನ ಹಿಂದೆ ಬೇಡ. ಕಣ್ಣಿಗೆ ಬೀಳದ ಇನ್ನೊಂದು ಕಾಟ ತಂತಾನೇ ಶುರುವಾಗುವ ಅಪ್‌ಡೇಟ್. 500 ಎಂಬಿಯ ಒಂದು ಅಪ್‌ಡೇಟ್ 40 ಟ್ಯಾಬ್‌ಗೆ 20 ಜಿಬಿ. ಅದನ್ನು ಆಫ್ ಮಾಡಿ, ಶಾಲೆ ಬಿಟ್ಟ ಮೇಲೆ ಸರದಿಯಲ್ಲಿ ಮಾಡಿಸಿ.

ಇನ್ನು ಚಾರ್ಜ್. 40 ಟ್ಯಾಬ್ ತಲಾ 10 ವ್ಯಾಟ್ ಎಳೆದರೂ 400 ವ್ಯಾಟ್, ಒಂದು ಇಸ್ತ್ರಿ ಪೆಟ್ಟಿಗೆಗಿಂತ ಕಡಿಮೆ. ಕಾಡುವುದು ಲೋಡ್ ಅಲ್ಲ, ಅಡಾಪ್ಟರ್. 7,000 ಎಂಎಎಚ್ (ಮಿಲಿಆಂಪ್-ಗಂಟೆ) ಸಾಮರ್ಥ್ಯದ ಬ್ಯಾಟರಿಯನ್ನು 5 ವೋಲ್ಟ್ 1 ಆಂಪ್ ಅಡಾಪ್ಟರ್‌ಗೆ ಹಾಕಿದರೆ ತುಂಬಲು ಸುಮಾರು 6 ಗಂಟೆ ಬೇಕು. ಊಟದ ಬಿಡುವಿನಲ್ಲಿ ಸಿಕ್ಕಿಸಿದ್ದು ಎಲ್ಲಿಗೂ ಸಾಲದು. ಅಡಾಪ್ಟರ್ ಮೇಲೆ ಸಣ್ಣ ಅಕ್ಷರದಲ್ಲಿರುವ ‘ಔಟ್‌ಪುಟ್’ ಸಾಲು ಓದಿ, 2 ಆಂಪ್ ಇರುವುದನ್ನೇ ಇಟ್ಟುಕೊಳ್ಳಿ. ಚಾರ್ಜ್ ಆಗುವಾಗ ಟ್ಯಾಬ್‌ಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಬಿಸಿಗೆ ಬ್ಯಾಟರಿ ಬೇಗ ಹಾಳಾಗುತ್ತದೆ. ಪರದೆಯ ಅಂಚು ಮೇಲೆದ್ದಿದ್ದರೆ ಒಳಗೆ ಬ್ಯಾಟರಿ ಉಬ್ಬಿದೆ ಎಂದೇ ತಿಳಿಯಿರಿ. ಒತ್ತಿ ಕೂರಿಸಲು ಹೋಗದೆ, ಮತ್ತೆ ಚಾರ್ಜ್‌ಗೂ ಹಾಕದೆ, ಬೇರೆ ಇಟ್ಟು ರಿಪೇರಿಯವರಿಗೆ ಕೊಡಿ. ದೊಡ್ಡ ರಜೆಗೆ ಅರ್ಧ ಚಾರ್ಜ್ ಮಾಡಿ ಆಫ್ ಮಾಡಿಡಿ. ಪೂರ್ತಿ ಖಾಲಿ ಬಿಟ್ಟವುಗಳಲ್ಲಿ ಕೆಲವು ಮತ್ತೆ ಏಳುವುದೇ ಇಲ್ಲ.

ಟ್ಯಾಬ್, ಕೇಬಲ್, ಇಡುವ ಖಾನೆ ಮೂರಕ್ಕೂ ಒಂದೇ ನಂಬರ್ ಅಂಟಿಸಿ. ಹಾಜರಿ ನಂಬರ್ 17ರ ಹುಡುಗಿಗೆ ಯಾವತ್ತೂ 17ನೇ ಟ್ಯಾಬ್. ಹಂಚುವ ಗದ್ದಲ ತಗ್ಗುತ್ತದೆ, ಗಾಜು ಒಡೆದರೆ ಯಾವಾಗ ಎಂದು ಗೊತ್ತಾಗುತ್ತದೆ. ಉದ್ದನೆಯ ಪಾಸ್‌ವರ್ಡ್ ಬದಲು, ಆ್ಯಪ್‌ನಲ್ಲಿ ಸೌಲಭ್ಯವಿದ್ದರೆ, ಕ್ಯುಆರ್ ಕಾರ್ಡ್ ಕೊಡಿ.

ಗೇಮ್ ವಿಷಯಕ್ಕೆ ಬಂದರೆ, ಆಂಡ್ರಾಯ್ಡ್‌ನಲ್ಲಿ ‘ಆ್ಯಪ್ ಪಿನ್ನಿಂಗ್’, ಐಪ್ಯಾಡ್‌ನಲ್ಲಿ ‘ಗೈಡೆಡ್ ಆಕ್ಸೆಸ್’ ಇವೆ. ಪಾಸ್‌ಕೋಡ್ ಇಟ್ಟರೆ ಮಕ್ಕಳು ಒಂದೇ ಆ್ಯಪ್‌ನಲ್ಲಿ ಉಳಿಯುತ್ತಾರೆ. ಆದರೆ ಬೀಗವನ್ನೇ ನೆಚ್ಚಿಕೊಳ್ಳಬೇಡಿ. 2013ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶಾಲೆ ಕೊಟ್ಟ ಐಪ್ಯಾಡ್‌ಗಳಿಂದ ನಿರ್ಬಂಧ ಹೇರುವ ಸೆಟ್ಟಿಂಗ್‌ಗಳ ಕಟ್ಟಾದ ‘ಪ್ರೊಫೈಲ್’ ಅನ್ನೇ ಅಳಿಸಿ ನೂರಾರು ವಿದ್ಯಾರ್ಥಿಗಳು ಹೊರಬಿದ್ದಿದ್ದರು. ಅದಕ್ಕಿಂತ ನೀವು ತರಗತಿಯ ಹಿಂದೆ ನಿಲ್ಲುವುದು ವಾಸಿ. ಅಲ್ಲಿಂದ ಹೆಚ್ಚಿನ ಪರದೆಗಳು ಕಾಣುತ್ತವೆ. ನೀವು ಮಾತಾಡುವಾಗ ಟ್ಯಾಬ್ ಕವುಚಿಡಬೇಕು. ಇಬ್ಬರಿಗೆ ಒಂದು ಕೊಟ್ಟರೆ ಇನ್ನೂ ಒಳ್ಳೆಯದು: ಗೇಮ್ ಕಡಿಮೆ, ಚರ್ಚೆ ಹೆಚ್ಚು, ವೈಫೈ ಮೇಲಿನ ಭಾರವೂ ಅರ್ಧ.

ಪುಸ್ತಕದ ವಿಷಯದಲ್ಲಿ ನೀವು ಹೇಳಿದ್ದು ಅರ್ಧ ಸರಿ. ಉದ್ದನೆಯ ಪಾಠ ಓದುವುದಕ್ಕೆ, ನೋಟ್ಸ್ ಬರೆಯುವುದಕ್ಕೆ, ಕೈವಾರದಲ್ಲಿ ಚಿತ್ರ ರಚಿಸುವುದಕ್ಕೆ ಟ್ಯಾಬ್ ಬೇಡವೇ ಬೇಡ. ಪುಸ್ತಕದಿಂದ ಆಗದ್ದಕ್ಕೆ ತೆಗೆಯಿರಿ. ಉದಾಹರಣೆಗೆ, ಗೋಡೆಗೆ ಮೀಟರ್ ಪಟ್ಟಿ ಅಂಟಿಸಿ, ಅದರ ಪಕ್ಕದಲ್ಲೇ ಚೆಂಡು ಕೈಬಿಟ್ಟು, ಎರಡು ಮೀಟರ್ ದೂರದಲ್ಲಿ ಟ್ಯಾಬ್ ಅಲುಗದಂತೆ ಇಟ್ಟು ವಿಡಿಯೊ ತೆಗೆಯಲಿ. ಸೆಕೆಂಡಿಗೆ 30 ಫ್ರೇಮ್ (ವಿಡಿಯೊದ ಬಿಡಿ ಚಿತ್ರ) ಇದ್ದರೆ, ಕೈಬಿಟ್ಟ ಕ್ಷಣದಿಂದ 3, 6, 9, 12ನೇ ಫ್ರೇಮ್‌ಗಳಲ್ಲಿ ಚೆಂಡು ಸುಮಾರು 5, 20, 44, 78 ಸೆಂ.ಮೀ. ಕೆಳಗಿರುತ್ತದೆ. 1, 4, 9, 16ರ ಅನುಪಾತವನ್ನು ಮಕ್ಕಳು ತಾವೇ ಎಣಿಸಿ ಹಿಡಿಯುತ್ತಾರೆ. ಬೆಳಕು ಸಾಲದಿದ್ದರೆ ಚೆಂಡು ಗೆರೆಯಂತೆ ಮಸುಕಾಗುತ್ತದೆ, ಆದ್ದರಿಂದ ಕಿಟಕಿಯ ಬಳಿ ಮಾಡಿಸಿ. ಫ್ರೇಮ್‌ಗಳನ್ನು ಒಂದೊಂದಾಗಿ ಸರಿಸುವ ಪ್ಲೇಯರ್ ಆ್ಯಪ್ ಹಿಂದಿನ ದಿನವೇ ಹಾಕಿಸಿಡಿ. ಇದಕ್ಕೆ ಲಾಗಿನ್ ಬೇಡ, ಇಂಟರ್‌ನೆಟ್ ಬೇಡ, ಆರೇಳು ಟ್ಯಾಬ್ ಇದ್ದರೆ ಇಡೀ ತರಗತಿಗೆ ಸಾಕು.