ಮೊದ್ಲು ಅಳತೆ ನೋಡಿ

ನಮಸ್ಕಾರ. ಮಿನಿಯೇಚರ್ ಅಂದ್ರೆ ಅಂಗೈಯಗಲದ ಪುಟ್ಟ ಚಿತ್ರಗಳ ಬಗ್ಗೆ ನೀವು ಕಳಿಸಿದ ‘ಅಂಗೈಯಲ್ಲಿ ರಾಯಭಾರಿಗಳು’ ಲೇಖನ ಎರಡು ಸಲ ಓದ್ದೆ, ಈಗಿರೋ ಹಾಗೆ ಹಾಕೋಕಾಗಲ್ಲ. ಆದ್ರೆ ಕೈಬಿಡ್ಬೇಡಿ, ಈ ವಿಷಯ ಅಂದ್ರೆ ನಂಗೂ ಜೀವ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ತೊಂದ್ರೆ ಬುಡದಲ್ಲೇ ಇದೆ. 1788ರಲ್ಲಿ ಟಿಪ್ಪು ಸುಲ್ತಾನ್ ಕಡೆಯಿಂದ ಪ್ಯಾರಿಸ್‌ಗೆ ಹೋದ ಮೂವರು ರಾಯಭಾರಿಗಳಲ್ಲಿ ಒಬ್ರು ಮೊಹಮ್ಮದ್ ದರ್ವೇಶ್ ಖಾನ್, ಅವರನ್ನ ಫ್ರಾನ್ಸಿನ ಚಿತ್ರಕಾರ್ತಿ ವಿಜೇ ಲೆಬ್ರನ್ ಬರೆದ ಚಿತ್ರನ ಮಿನಿಯೇಚರ್ ಅಂದ್ಕೊಂಡು ಇಡೀ ಲೇಖನ ಅದರ ಮೇಲೆ ಕಟ್ಟಿದ್ದೀರಿ. ಅದು ಕ್ಯಾನ್ವಾಸ್ ಮೇಲಿನ ಆಯಿಲ್ ಪೇಂಟಿಂಗು, ಎತ್ತರ ಎರಡು ಮೀಟರಿಗೂ ಜಾಸ್ತಿ! ಮೊಬೈಲಲ್ಲಿ ಎಲ್ಲಾ ಚಿತ್ರನೂ ಅಂಗೈಯಗಲನೇ ಕಾಣತ್ತೆ, ಹಾಗಾಗಿ ಮೊದ್ಲು ಅಳತೆ ನೋಡ್ಬೇಕು, ಯಾವುದರ ಮೇಲೆ ಬರ್ದಿದ್ದಾರೆ ಅಂತ ನೋಡ್ಬೇಕು, ಆಮೇಲೆ ಬರವಣಿಗೆ.

ಆ ಕಾಲದ ಯುರೋಪಿನ ಮಿನಿಯೇಚರ್ ಬೇರೇನೇ ಕಸುಬು. ತೆಳ್ಳಗೆ ಸೀಳಿದ ಆನೆದಂತದ ಮೇಲೆ ವಾಟರ್ ಕಲರ್. ದಂತ ಬಣ್ಣ ಹೀರಲ್ಲ, ಜಾರತ್ತೆ, ಅದಕ್ಕೆ ಉಜ್ಜಿ ಜಿಡ್ಡು ತೆಗೆದು, ಬಣ್ಣಕ್ಕೆ ಅಂಟು ಬೆರೆಸಿ, ಚುಕ್ಕಿ ಪಕ್ಕ ಚುಕ್ಕಿ ಇಟ್ಕೊಂಡು ಹೋಗೋರು, ಮುಖದ ಹತ್ರ ಬಣ್ಣ ತೆಳ್ಳಗೆ ಬಿಟ್ರೆ ದಂತದ ಹೊಳಪೇ ಚರ್ಮದ ಕಾಂತಿ ಆಗೋದು. ವೆನಿಸ್‌ನ ಚಿತ್ರಕಾರ್ತಿ ರೊಸಾಲ್ಬಾ ಕರಿಯೆರಾ 1700ರ ಸುಮಾರಿಗೆ ಶುರು ಮಾಡಿದ ದಾರಿ ಇದು. ಇದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ. ಫ್ರಾನ್ಸಿನ ರಾಜರು ರಾಯಭಾರಿಗಳಿಗೆ ವಜ್ರ ಕೂರಿಸಿದ ಡಬ್ಬಿಯಲ್ಲಿ ತಮ್ಮದೇ ಮುಖದ ಮಿನಿಯೇಚರ್ ಇಟ್ಟು ಉಡುಗೊರೆ ಕೊಡ್ತಿದ್ರಲ್ಲ, ನಿಮ್ಮ ಶೀರ್ಷಿಕೆಗೆ ಸರಿಯಾಗಿ ಹೊಂದೋದು ಅದು.

ಇನ್ನೊಂದು, ‘ಮಿನಿ ಅಂದ್ರೆ ಚಿಕ್ಕದು’ ಅನ್ನೋ ಸಾಲು ತೆಗೀರಿ. ಮಿನಿಯೇಚರ್ ಅನ್ನೋ ಪದ ಬಂದಿದ್ದು ಮಿನಿಯಂ ಅನ್ನೋ ಸೀಸದ ಕೆಂಪು ಬಣ್ಣದಿಂದ. ಟಿಪ್ಪು ಬಗ್ಗೆ ಮೊದಲ ಒಂದೂವರೆ ಪುಟನೂ ಬೇಡ, ಓದುಗರಿಗೆ ಗೊತ್ತಿರೋದೇ.

ಚೆನ್ನಾಗಿ ಬಂದಿರೋದು ಕೊನೇಲಿ ಅಡಗಿದೆ: ಫ್ರಾನ್ಸಿನ ರಾಜ ಹೇಳೋವರೆಗೂ ಚಿತ್ರ ಬರೆಸ್ಕೊಳ್ಳೋಕೆ ಒಪ್ಪದ ರಾಯಭಾರಿಗಳು, ಬರೆದಾದ್ಮೇಲೆ ಅದನ್ನ ಮಂಚದ ಹಿಂದೆ ಬಚ್ಚಿಟ್ಟ ದರ್ವೇಶ್ ಖಾನ್. ಲೆಬ್ರನ್ ತನ್ನ ನೆನಪುಗಳಲ್ಲಿ ಹೇಳಿರೋ ಮಾತು ಅಂತ ಸ್ಪಷ್ಟವಾಗಿ ಬರ್ದು ಅಲ್ಲಿಂದಲೇ ಶುರು ಮಾಡಿ. ಎರಡು ಮೀಟರ್ ಚಿತ್ರನ ಬಚ್ಚಿಡೋದಕ್ಕೂ ಜೇಬಿಗೆ ಹಾಕ್ಕೊಳ್ಳೋ ಮುಖಕ್ಕೂ ಎಷ್ಟು ವ್ಯತ್ಯಾಸ ನೋಡಿ, ಲೇಖನ ಅಲ್ಲೇ ಇದೆ. ತಿದ್ದಿ ಕಳ್ಸಿ, ಪ್ರತಿ ಚಿತ್ರದ ಕೆಳಗೂ ಅಳತೆ ಹಾಕಿ.