ರೈಬೋಸೋಮಿಗೆ ಯಾರು ಹೇಳಿಕೊಟ್ಟರು?

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ. ಅವಳಿಗೆ ಓದಿಸುವಾಗ ನನಗೇ ಅನುಮಾನ ಬಂತು ಸರ್. ಆರ್‌ಎನ್‌ಎಯಲ್ಲಿ ಯುಯುಯು ಎಂದಿದ್ದರೆ ಫಿನೈಲ್‌ಅಲನಿನ್, ಯುಜಿಯು ಎಂದಿದ್ದರೆ ಸಿಸ್ಟೀನ್ ಎಂಬ ಅಮೈನೋ ಆಮ್ಲ ಅಂತ ಪಠ್ಯದಲ್ಲಿ ಕೋಷ್ಟಕವಿದೆ. ಇದು ಜೀವಕೋಶದಲ್ಲಿ ಅಮೈನೋ ಆಮ್ಲಗಳನ್ನು ಪೋಣಿಸಿ ಪ್ರೋಟೀನ್ ಕಟ್ಟುವ ರೈಬೋಸೋಮಿಗೆ ಹೇಗೆ ಗೊತ್ತು? ಮೂರು ಮೂರೇ ಅಕ್ಷರ ಯಾಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ನಾನು ಪಾಠ ಮಾಡುತ್ತಿದ್ದಾಗ ಒಬ್ಬಳು ಹುಡುಗಿ ಇದನ್ನೇ ಕೇಳಿದ್ದಳು. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋಮ್ಮ" ಎಂದುಬಿಟ್ಟೆ. ನನಗೆ ಉತ್ತರ ಗೊತ್ತಿರಲಿಲ್ಲ. ಮನಸ್ಸಿಗೆ ಬಹಳ ಕೆಡುಕೆನಿಸಿತು. ರಾತ್ರಿ ಹುಡುಕಿ ಓದಿ, ಮರುದಿನ ಅವಳಿಗೆ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ರೈಬೋಸೋಮಿಗೆ ಆ ಕೋಷ್ಟಕ ಗೊತ್ತೇ ಇಲ್ಲ.

ದೇವಸ್ಥಾನದ ಎದುರು ಚಪ್ಪಲಿ ಬಿಡುವ ಜಾಗ ನೆನಪಿಸಿಕೊಳ್ಳಿ. ನೀವು ಟೋಕನ್ ಕೊಡುತ್ತೀರಿ. ಅಲ್ಲಿರುವವರು ಅದೇ ನಂಬರಿನ ಚಪ್ಪಲಿ ಕೊಡುತ್ತಾರೆ. ಅದು ನಿಮ್ಮದೇನಾ ಎಂದು ನೋಡುವುದಿಲ್ಲ. ನಂಬರ್ ಹೊಂದಿದರೆ ಮುಗಿಯಿತು. ರೈಬೋಸೋಮ್ ಕೂಡ ಹೀಗೇ. ಟಿಆರ್‌ಎನ್‌ಎ ಎಂಬ ಪುಟ್ಟ ಅಣುವಿನ ಒಂದು ಕಡೆ ಮೂರಕ್ಷರದ ಟೋಕನ್, ಇನ್ನೊಂದು ತುದಿಯಲ್ಲಿ ಅಮೈನೋ ಆಮ್ಲ. ಟೋಕನ್, ಜೀನಿನ ಸಂದೇಶ ತರುವ ಎಂಆರ್‌ಎನ್‌ಎಗೆ ಹೊಂದಿದರೆ, ಅದು ಹೊತ್ತು ತಂದದ್ದು ಪ್ರೋಟೀನಿನ ಸರಪಳಿಗೆ ಸೇರುತ್ತದೆ. ತಂದದ್ದು ಏನೇ ಇರಲಿ.

1962ರಲ್ಲಿ ವಿಜ್ಞಾನಿಗಳಾದ ಫ್ರಿಟ್ಜ್ ಲಿಪ್‌ಮನ್, ಸೀಮೋರ್ ಬೆನ್ಜರ್ ಮೊದಲಾದವರು ಇದನ್ನು ಪರೀಕ್ಷಿಸಿದರು. ಟಿಆರ್‌ಎನ್‌ಎಗೆ ಅಂಟಿದ್ದ ಸಿಸ್ಟೀನ್‌ನಿಂದ ಗಂಧಕವನ್ನು ಕಿತ್ತುಹಾಕಿದರು. ಅದು ಅಲನಿನ್ ಆಯಿತು. ಟೋಕನ್ ಮಾತ್ರ ಹಳೆಯದೇ. ಅಂದರೆ ಗೂಡಿನಲ್ಲಿ ಚಪ್ಪಲಿ ಬದಲಾಗಿತ್ತು, ನಂಬರ್ ಅದೇ ಇತ್ತು. ಸಿಸ್ಟೀನ್ ಬರಬೇಕಾದ ಜಾಗದಲ್ಲಿ ಅಲನಿನ್ ಬಂದು ಕೂತಿತು! ಇಷ್ಟು ಅಚ್ಚುಕಟ್ಟಾದ ಪ್ರಯೋಗ ಜೀವಶಾಸ್ತ್ರದಲ್ಲಿ ಅಪರೂಪ. ಪಾಠದಲ್ಲಿ ಇದನ್ನು ಹೇಳಲೇಬೇಕು.

ಹಾಗಾದರೆ ಅರ್ಥ ಗೊತ್ತಿರುವುದು ಯಾರಿಗೆ? ಟೋಕನ್ನಿಗೆ ಸರಿಯಾದ ಅಮೈನೋ ಆಮ್ಲವನ್ನು ಮೊದಲೇ ಜೋಡಿಸುವ ಕಿಣ್ವಗಳಿಗೆ. ನಿಜವಾದ ಕೋಷ್ಟಕ ಇರುವುದು ಅಲ್ಲಿ. ಐಸೋಲ್ಯೂಸಿನ್ ಮತ್ತು ವ್ಯಾಲಿನ್ ನಡುವೆ ಇರುವ ವ್ಯತ್ಯಾಸ ಒಂದು ಇಂಗಾಲ, ಎರಡು ಜಲಜನಕ ಅಷ್ಟೇ. ಐಸೋಲ್ಯೂಸಿನ್‌ನ ಕಿಣ್ವ ಕೆಲವೊಮ್ಮೆ ವ್ಯಾಲಿನ್ ಹಿಡಿದುಬಿಡುತ್ತದೆ. ತಪ್ಪಾಗಿ ಹಿಡಿದದ್ದನ್ನು ಕತ್ತರಿಸಿ ಹಾಕಲು ಅದೇ ಕಿಣ್ವದಲ್ಲಿ ಇನ್ನೊಂದು ಜಾಗವಿದೆ.

ಇನ್ನು, ಮೂರೇ ಯಾಕೆ? ಅಕ್ಷರಗಳು ನಾಲ್ಕು: ಎ, ಯು, ಜಿ, ಸಿ. ಎರಡೆರಡು ಜೋಡಿಸಿದರೆ 16 ಪದ. ಅಮೈನೋ ಆಮ್ಲಗಳು 20, ಸಾಲುವುದಿಲ್ಲ. ಮೂರು ಮೂರಾದರೆ 64. ಅವುಗಳಲ್ಲಿ 61 ಅಮೈನೋ ಆಮ್ಲಗಳಿಗೆ, 3 'ನಿಲ್ಲಿಸು' ಎನ್ನಲು. ಇದು ಬರೀ ಲೆಕ್ಕ ಅಲ್ವಾ? ವಿಜ್ಞಾನಿ ಹರಗೋಬಿಂದ್ ಖೊರಾನಾ ಕೊಟ್ಟ ಸಾಕ್ಷಿ ನೋಡಿ. ಯುಸಿಯುಸಿಯುಸಿ ಎಂದು ಎರಡೇ ಅಕ್ಷರ ಮತ್ತೆ ಮತ್ತೆ ಬರುವ ಆರ್‌ಎನ್‌ಎ ಮಾಡಿದರು. ಎರಡೆರಡಾಗಿ ಓದಿದ್ದರೆ ಒಂದೇ ಅಮೈನೋ ಆಮ್ಲ ಬರಬೇಕಿತ್ತು. ಬಂದದ್ದು ಸೆರಿನ್, ಲ್ಯೂಸಿನ್, ಸೆರಿನ್, ಲ್ಯೂಸಿನ್. ಯುಸಿಯು, ಸಿಯುಸಿ! 1968ರ ನೊಬೆಲ್ ಅವರಿಗೆ, ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಜೊತೆ ಬಂತು.

ಎಂಆರ್‌ಎನ್‌ಎಯ ಬರಹದಲ್ಲಿ ಪದಗಳ ನಡುವೆ ಜಾಗವಿಲ್ಲ. ಸಾಮಾನ್ಯವಾಗಿ ಎಯುಜಿಯಿಂದ ಎಣಿಕೆ ಶುರು. ಮಗಳಿಗೆ ಈ ಸಾಲು ಬರೆದು ಕೊಡಿ: ಅವಳಮಗಳಹವಳಹಗುರ. ಮೂರು ಮೂರಾಗಿ ಓದಿದರೆ 'ಅವಳ ಮಗಳ ಹವಳ ಹಗುರ'. ಈಗ 'ವ' ಒಂದನ್ನು ತೆಗೆಯಿರಿ. 'ಅಳಮ ಗಳಹ ವಳಹ ಗುರ'. ಅಲ್ಲಿಂದ ಮುಂದೆ ಎಲ್ಲವೂ ಹಾಳು. ತೆಗೆಯದೆ, ಮೊದಲ 'ಳ' ಬದಲು 'ನ' ಬರೆದರೆ? 'ಅವನ ಮಗಳ ಹವಳ ಹಗುರ'. ಕೆಟ್ಟದ್ದು ಒಂದೇ ಪದ. ಹಾಗೆಂದು ಅದು ಸಣ್ಣದಲ್ಲ. ಕುಡಗೋಲು ಕಣ ರೋಗ (ಸಿಕಲ್ ಸೆಲ್) ಎಂಬ ರಕ್ತದ ಕಾಯಿಲೆಯಲ್ಲಿ ಜಿಎಜಿ ಇದ್ದದ್ದು ಜಿಯುಜಿ ಆಗಿರುತ್ತದೆ. ರಕ್ತದ ಹಿಮೋಗ್ಲೋಬಿನ್‌ನ ಭಾಗವಾದ ಬೀಟಾ ಗ್ಲೋಬಿನ್‌ನ 146 ಅಮೈನೋ ಆಮ್ಲಗಳಲ್ಲಿ 6ನೆಯದು ಮಾತ್ರ ಬೇರೆ. ಉಳಿದ 145 ಸರಿಯಾಗಿಯೇ ಇರುತ್ತವೆ.