ಬಂಕಿನ ಪಾಯಿಂಟ್ಸು, ಗೊಬ್ಬರದಂಗಡಿ ಕೂಪನ್ನು: ನಿಜಕ್ಕೂ ಎಷ್ಟು ಉಳಿಯುತ್ತದೆ?

ಅಣ್ಣಾ, ನೀವು ಕೇಳಿದ್ದು ಮೂರು. ಡೀಸೆಲ್ ಬಂಕಿನವರು ಆ್ಯಪ್ ಹಾಕಿಕೊಳ್ಳಿ ಅನ್ನುತ್ತಾರೆ, ಹಾಕಿಕೊಳ್ಳಬೇಕಾ? ಗೊಬ್ಬರದಂಗಡಿ ಪಾಯಿಂಟ್ಸಿನಿಂದ ಲಾಭ ಇದೆಯಾ? ಅಪ್ಪಾಜಿ ನಂಬರಿನಲ್ಲಿ ಇರುವ ಹಳೇ ಪಾಯಿಂಟ್ಸ್ ಏನು ಮಾಡೋದು?

ಬಂಕಿನದು ಹಾಕಿಕೊಳ್ಳಿ. ಇಂಡಿಯನ್ ಆಯಿಲ್‌ನವರದು ಎಕ್ಸ್‌ಟ್ರಾರಿವಾರ್ಡ್ಸ್, ಎಚ್‌ಪಿಯವರದು ಎಚ್‌ಪಿ ಪೇ, ಭಾರತ್ ಪೆಟ್ರೋಲಿಯಂನವರದು ಹಲೋ ಬಿಪಿಸಿಎಲ್. ಟ್ರ್ಯಾಕ್ಟರ್ ಇದ್ದ ಮೇಲೆ ಡೀಸೆಲ್ ಹೇಗೂ ಬೇಕು, ಬರೋದನ್ನ ಯಾಕೆ ಬಿಡಬೇಕು ಅಲ್ವಾ? ಆದರೆ ಮೆಸೇಜಿನಲ್ಲಿ ದೊಡ್ಡ ಸಂಖ್ಯೆ ಕಂಡಿತು ಅಂತ ಹಿಗ್ಗಬೇಡಿ. ಎಷ್ಟು ರೂಪಾಯಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ ಎಷ್ಟು ಪೈಸೆ, ಇವೆರಡನ್ನೇ ಕೇಳಿ. ನೂರು ರೂಪಾಯಿಗೆ ಒಂದು ಪಾಯಿಂಟ್, ಪಾಯಿಂಟಿಗೆ 30 ಪೈಸೆ ಅಂದುಕೊಳ್ಳಿ. ಬಿತ್ತನೆ ತಿಂಗಳಲ್ಲಿ 20,000 ರೂಪಾಯಿ ಡೀಸೆಲ್ ಹಾಕಿಸಿದರೆ ಸಿಗೋದು 60 ರೂಪಾಯಿ. ಇದಕ್ಕಾಗಿ ಊರ ಪಕ್ಕದ ಬಂಕ್ ಬಿಟ್ಟು ಐದು ಕಿಲೋಮೀಟರ್ ಆಚೆಗೆ ಟ್ರ್ಯಾಕ್ಟರ್ ಓಡಿಸಿದರೆ, ಹೋಗಿ ಬರುವ ಡೀಸೆಲ್ ಖರ್ಚೇ ಅದಕ್ಕಿಂತ ಜಾಸ್ತಿ. ದಾರಿಯಲ್ಲಿರುವ ಬಂಕಿನದು ಮಾತ್ರ ಇಟ್ಟುಕೊಳ್ಳಿ. ಹಣ ಕೊಡುವ ಮೊದಲೇ ಮೊಬೈಲ್ ನಂಬರ್ ಹೇಳಿ, ಮೆಸೇಜ್ ಬಂದ ಮೇಲೆ ಗಾಡಿ ಎತ್ತಿ.

ಕ್ರೆಡಿಟ್ ಕಾರ್ಡಿನಲ್ಲಿ ಹಾಕಿಸುವವರಿಗೆ ಒಂದು ಮಾತು. ಡೀಸೆಲ್ಲಿಗೆ ಕಾರ್ಡ್ ಉಜ್ಜಿದರೆ ಸಾಮಾನ್ಯವಾಗಿ ಶೇ 1 ಸರ್‌ಚಾರ್ಜ್, ಅದರ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. 4,000 ರೂಪಾಯಿಗೆ 40 ರೂಪಾಯಿ, ಜೊತೆಗೆ 7 ರೂಪಾಯಿ 20 ಪೈಸೆ. ಎಷ್ಟೋ ಕಾರ್ಡುಗಳಲ್ಲಿ ಆ 40 ವಾಪಸ್ ಬರುತ್ತದೆ, ಜಿಎಸ್‌ಟಿ ಬರುವುದಿಲ್ಲ. ವಾಪಸ್ ಕೊಡುವುದಕ್ಕೂ ಒಂದು ಮಿತಿ ಇರುತ್ತದೆ, ಬಿಲ್ ಅದನ್ನು ದಾಟಿದರೆ 40 ಕೂಡ ಹೋಯಿತು. ಬಾಕಿ ಪೂರ್ತಿ ಕಟ್ಟದೆ ಮುಂದಿನ ತಿಂಗಳಿಗೆ ತಳ್ಳುವವರಂತೂ ಪಾಯಿಂಟ್ಸ್ ಮಾತೇ ಆಡಬಾರದು. ತಿಂಗಳಿಗೆ ಶೇ 3.5ರ ಬಡ್ಡಿ ಅಂದರೆ ವರ್ಷಕ್ಕೆ ಶೇ 42.

ಈಗ ಗೊಬ್ಬರದಂಗಡಿ. ಯೂರಿಯಾಕ್ಕೆ ಅವರು ಪಾಯಿಂಟ್ ಕೊಡುವುದಿಲ್ಲ, ಗಮನಿಸಿದ್ದೀರಾ? 45 ಕೆ.ಜಿ. ಚೀಲ 266 ರೂಪಾಯಿ 50 ಪೈಸೆ, ದರ ಸರ್ಕಾರದ್ದು, ಅಂಗಡಿಯವನಿಗೆ ಅದರಲ್ಲಿ ಉಳಿಯೋದೇ ಕಡಿಮೆ. ಪಾಯಿಂಟ್ ಇರೋದು ಟಾನಿಕ್, ಲಘು ಪೋಷಕಾಂಶ, ಹೊಸದಾಗಿ ಬಂದ ಎಣ್ಣೆ (ಅಂದರೆ ಕೀಟನಾಶಕ), ಇಂಥದ್ದಕ್ಕೆ. ಬಾಟಲಿಯ ಮೇಲಿನ ಬೆಳ್ಳಿ ಬಣ್ಣದ ಪಟ್ಟಿ ಉಜ್ಜಿ, ಒಳಗಿನ ನಂಬರನ್ನು ಕಂಪನಿ ಆ್ಯಪಿಗೆ ಹಾಕುವ ಪದ್ಧತಿಯೂ ಇದೆ. ಬೇಕಾದ ಎಣ್ಣೆಯೇ ಆಗಿದ್ದರೆ ಉಜ್ಜಿ, ತಪ್ಪೇನಿಲ್ಲ. ಆದರೆ ಗೋವಿನಜೋಳಕ್ಕೆ ಲದ್ದಿಹುಳ ಬಿದ್ದಾಗ ಯಾವ ಎಣ್ಣೆ, ಎಷ್ಟು ಅಂತ ಕೃಷಿ ವಿಜ್ಞಾನ ಕೇಂದ್ರದಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ಕೇಳಿ, ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ. "ಇನ್ನೆರಡು ಬಾಟಲಿ ತಗೊಂಡರೆ ಜಾಕೆಟ್ ಸಿಗುತ್ತೆ" ಅಂದರೆ, ಆ ಜಾಕೆಟ್ಟನ್ನು ನೀವೇ ದುಡ್ಡು ಕೊಟ್ಟು ತಗೊಂಡ ಹಾಗೆ.

ನಾನು ನೋಡುವುದು ಎಂಆರ್‌ಪಿ. ಒಂದು ಅಂಗಡಿಯವರು ಎಂಆರ್‌ಪಿಗೇ ಬಿಲ್ ಹಾಕಿ ಪಾಯಿಂಟ್ ಕೊಡುತ್ತಾರೆ, ಇನ್ನೊಬ್ಬರು ಸುಮ್ನೆ ನೂರಕ್ಕೆ ಹತ್ತು ರೂಪಾಯಿ ಬಿಡುತ್ತಾರೆ. ಎರಡನೆಯವರೇ ವಾಸಿ. "ಪಾಯಿಂಟ್ ಬೇಡ, ಅಷ್ಟು ಬಿಲ್ಲಿನಲ್ಲೇ ಕಡಿಮೆ ಮಾಡಿ" ಅಂತ ಕೇಳಿ ನೋಡಿ, ನಗದು ಕೊಡುವವರಿಗೆ ಎಷ್ಟೋ ಕಡೆ ಮಾಡುತ್ತಾರೆ. ಉದ್ರಿ ಇದ್ದರೆ ಮಾತ್ರ ಈ ಮಾತು ಬಾಯಿಗೆ ಬರೋದಿಲ್ಲ, ಅದು ನಿಮಗೂ ಗೊತ್ತು. ಪಾಯಿಂಟ್ ಬರಲಿ ಬಿಡಲಿ, ಬೀಜ ಮತ್ತು ಎಣ್ಣೆಯ ಬಿಲ್ಲನ್ನು ಲಾಟ್ ನಂಬರ್, ಬ್ಯಾಚ್ ನಂಬರ್ ಸಮೇತ ತಗೊಳ್ಳಿ. ಬೀಜ ಹುಟ್ಟದಿದ್ದರೆ ದೂರು ಕೊಡಲು ಬೇಕಾಗುವುದು ಅದೇ.

ಇಷ್ಟೆಲ್ಲ ಪೈಸೆ ಲೆಕ್ಕ ಹಾಕುವ ನಾವು ದೊಡ್ಡದನ್ನೇ ಮರೆಯುತ್ತೇವೆ. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲಕ್ಕೆ 3 ಲಕ್ಷದವರೆಗೆ ಶೇ 7 ಬಡ್ಡಿ. ವಾಯಿದೆಯೊಳಗೆ ಕಟ್ಟಿದರೆ ಶೇ 3 ಕಡಿತ, ಅಂದರೆ ಪೂರ್ತಿ ವರ್ಷಕ್ಕೆ 9,000 ರೂಪಾಯಿ. ನಮ್ಮ ರಾಜ್ಯದ ಸಹಕಾರ ಸಂಘಗಳಲ್ಲಿ ಬೆಳೆ ಸಾಲಕ್ಕೆ ಶೂನ್ಯ ಬಡ್ಡಿ. ಈ ಶೂನ್ಯ ಬಡ್ಡಿಯ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ 2023ರ ರಾಜ್ಯ ಬಜೆಟ್ಟಿನಲ್ಲಿ ಹೇಳಿದರು. ವಾಯಿದೆ ದಾಟಿದರೆ ಬಡ್ಡಿ ಬೀಳುತ್ತದೆ. ವಾಯಿದೆ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಡೈರಿಯ ವರ್ಷದ ಬೋನಸ್ಸೂ ಹಾಗೇ. ಲಾಭ ಬಂದ ವರ್ಷ ಹಾಕಿದ ಹಾಲಿನ ಲೆಕ್ಕದಲ್ಲಿ ಹಂಚುತ್ತಾರೆ. ಲೀಟರಿಗೆ ಎರಡು ರೂಪಾಯಿ ಜಾಸ್ತಿ ಅಂತ ಆಗಾಗ ಖಾಸಗಿಯವರಿಗೆ ಹಾಕುವವರು ಬೋನಸ್ಸು, ಸರ್ಕಾರದ ಪ್ರೋತ್ಸಾಹಧನ ಎರಡನ್ನೂ ಸೇರಿಸಿ ಕೂಡಿ ನೋಡಬೇಕು.

ಪಾಯಿಂಟ್ಸ್ ಹೆಸರಿನಲ್ಲಿ ಮೋಸ ಈಗ ವಿಪರೀತ. "ನಿಮ್ಮ 9,000 ರೂಪಾಯಿ ಪಾಯಿಂಟ್ಸ್ ಇವತ್ತೇ ಮುಗಿಯುತ್ತದೆ" ಅಂತ ವಾಟ್ಸಾಪಿನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಲೇಬೇಡಿ, ಮನೆಯ ಹುಡುಗರಿಗೂ ಹೇಳಿ. ಎಸ್‌ಬಿಐನವರೇ ನಾವು ಹೀಗೆ ಲಿಂಕ್ ಕಳಿಸುವುದಿಲ್ಲ ಅಂದಿದ್ದಾರೆ. ಅಷ್ಟರಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಅಪ್ಪಾಜಿ ನಂಬರಿನ ವಿಷಯಕ್ಕೆ ಬಂದರೆ, ಮೊದಲು ಸಿಮ್ಮಿಗೆ ರೀಚಾರ್ಜ್ ಮಾಡಿಸಿ. 90 ದಿನ ಬಳಸದೆ ಬಿಟ್ಟ ನಂಬರ್ ಬಂದ್ ಮಾಡಿ, ಆಮೇಲೆ ಬೇರೆಯವರಿಗೆ ಕೊಡುತ್ತಾರೆ. ಒಟಿಪಿ ಬರೋದು ಆ ನಂಬರಿಗೇ. ಒಬ್ಬರ ಪಾಯಿಂಟ್ ಇನ್ನೊಬ್ಬರ ನಂಬರಿಗೆ ವರ್ಗ ಮಾಡಿಸಲು ಅಲೆಯುವ ಬದಲು, ಮುಂದಿನ ಸಲ ಡೀಸೆಲ್ ಹಾಕಿಸುವಾಗ ಆ ಫೋನ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಇರುವಷ್ಟನ್ನೂ ಬಿಲ್ಲಿನಲ್ಲಿ ಮುರಿಸಿಕೊಳ್ಳಿ. ಆಮೇಲೆ ನಿಮ್ಮ ನಂಬರಿನಲ್ಲೇ ಹೊಸದಾಗಿ ಶುರು ಮಾಡಿ.